ಅರ್ಧ ಇಂಚಿನ ಒಳಮಡಿಕೆ

ತರಬೇತಿ ಕೇಂದ್ರ ಇದ್ದದ್ದು ಹಿಂದೆ ಬೀಜದ ಗೋದಾಮಾಗಿದ್ದ ಕಟ್ಟಡದಲ್ಲಿ. ಗೋಡೆಗೆ ಎರಡು ಸಲ ಸುಣ್ಣ ಬಳಿದಿದ್ದರೂ ಬಿಸಿಲೇರುತ್ತಿದ್ದಂತೆ ಒಳಗೆಲ್ಲ ಎಳ್ಳಿನ ವಾಸನೆ ಮೆಲ್ಲನೆ ಏಳುತ್ತಿತ್ತು; ಹನ್ನೊಂದು ಗಂಟೆಯ ಪಾಠಕ್ಕೆ ಕೂತವರಿಗೆ ಸರಿಯಾಗಿ ಅದೇ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಮೂಟೆ ಇಳಿಸುತ್ತಿದ್ದ ಕಟ್ಟೆಯ ಮೇಲೆ ಈಗ ಚಪ್ಪಲಿಗಳು. ಮೂಟೆ ತೂಗುತ್ತಿದ್ದ ಕಡೆ ಹನ್ನೆರಡು ಮೇಜು, ಹನ್ನೆರಡು ಕಂಪ್ಯೂಟರ್. ಹನ್ನೆರಡನೆಯದರ ಮುಂದೆ, ಕಿಟಕಿಯ ಪಕ್ಕ, ಟೈಲರಮ್ಮ.

ಆಕೆಗೆ ನಲವತ್ತೊಂದು ವರ್ಷ. ಹದಿನಾರನೆಯ ವಯಸ್ಸಿನಿಂದ ಹೊಲಿಗೆ. ಕೇಂದ್ರಕ್ಕೆ ಮೊದಲು ಬಂದದ್ದೂ ಕಲಿಯುವುದಕ್ಕಲ್ಲ, ಕಿಟಕಿಯ ಪರದೆಗೆ ಅಳತೆ ತೆಗೆದುಕೊಳ್ಳುವುದಕ್ಕೆ. ಅವತ್ತು ಒಳಗೆ ಮೇಡಂ ಪಾಠ ಹೇಳುತ್ತಿದ್ದರು. "ದೊಡ್ಡ ಕೆಲಸವನ್ನ ಹಾಗೇ ಹಿಡಿದು ಎಳೀಬೇಡಿ. ತುಂಡು ಮಾಡಿ. ಒಂದೊಂದು ತುಂಡನ್ನೂ ಸರಿಯಾಗಿ ಮಾಡಿ. ಆಮೇಲೆ ಜೋಡಿಸಿ." ಸ್ಟೂಲಿನ ಮೇಲೆ ಟೇಪು ಹಿಡಿದು ನಿಂತಿದ್ದ ಟೈಲರಮ್ಮನ ಬಾಯಿಂದ ತಾನಾಗಿ ಮಾತು ಜಾರಿತು: "ಅಂಗಿ ಹೊಲಿಯೋದೂ ಹಾಗೇ ಅಲ್ವಾ?"

ಕೂತವರೆಲ್ಲ ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ. ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕಿ, ಸಿಗದೆ, ಬರಿಗಣ್ಣಿನಲ್ಲೇ ಇವಳನ್ನು ದಿಟ್ಟಿಸಿ, "ಇಳಿದು ಬಂದು ಕೂತ್ಕೊಳ್ಳಿ. ಒಂದು ಕುರ್ಚಿ ಖಾಲಿ ಇದೆ," ಅಂದರು. ಪರದೆ ಬಂದದ್ದು ಒಂದು ತಿಂಗಳು ತಡವಾಗಿ.

ಮನೆಯಲ್ಲಿ ಇದಕ್ಕೆ ಯಾರೂ ಅಡ್ಡ ಬರಲಿಲ್ಲ. ಗಂಡ ಬಸ್ಸಿನ ಕಂಡಕ್ಟರು. ಮನೆಗೆ ಬರುವಷ್ಟರಲ್ಲಿ ಬೇಡ ಎನ್ನುವಷ್ಟೂ ಗಂಟಲು ಉಳಿದಿರುತ್ತಿರಲಿಲ್ಲ. ನಾದಿನಿಯಂತೂ ಕುಣಿದಳು. ಆರು ತಿಂಗಳ ಮಟ್ಟಿಗೆ ಹೊಲಿಗೆ ಮಷೀನು ಅವಳ ಪಾಲಿಗೆ ಬಂತು. ಗುಂಡಿ ಹಚ್ಚುವುದು ಬಿಟ್ಟರೆ ಬೇರೇನೂ ಮಾಡಿರದಿದ್ದವಳು ನೋಡನೋಡುತ್ತಿದ್ದಂತೆ ಕಾಲರು, ಪಟ್ಟಿ, ಜೇಬು ಎಲ್ಲ ಕೈವಶ ಮಾಡಿಕೊಂಡಳು. "ಅತ್ತಿಗೆ, ನಿಮ್ಮ ಮಷೀನು ನನ್ನ ಕಾಲಿಗೆ ಒಗ್ಗಿಬಿಟ್ಟಿದೆ. ಫೇಲಾಗಿ ವಾಪಸ್ ಬಂದ್ರೆ ಜಗಳ ಆಗುತ್ತೆ, ಮೊದಲೇ ಹೇಳಿದೀನಿ," ಎಂದು ದಾರ ಕಚ್ಚಿ ಕತ್ತರಿಸುತ್ತ ನಗುತ್ತಿದ್ದಳು. ತಮಾಷೆಯ ಮಾತೇ. ಆದರೂ ಮನೆಯಲ್ಲಿ ಮಷೀನು ಒಂದೇ, ಅದರ ಮುಂದೆ ಸ್ಟೂಲೂ ಒಂದೇ. ತಾನು ಮತ್ತೆ ಅಲ್ಲಿ ಕೂತರೆ ನಾದಿನಿ ಏಳಬೇಕು. ಮೊದಲ ಸಲ ಅವಳ ಮುಖದ ಮೇಲೆ ಮೂಡಿರುವ ಆ ಹುರುಪೂ ಅವಳ ಜೊತೆಗೇ ಎದ್ದುಹೋಗಬೇಕು. ಟೈಲರಮ್ಮನ ತಲೆಯಲ್ಲಿ ಇದು ಗುಂಡುಸೂಜಿಯ ಹಾಗೆ ಒಂದು ಕಡೆ ಚುಚ್ಚಿಕೊಂಡೇ ಇತ್ತು.

ಇನ್ನು ಕಲಿಕೆಯ ಸುದ್ದಿ. ಟೈಲರಮ್ಮ ಬೇಗ ಕಲಿಯುತ್ತಿದ್ದಳು, ಆದರೆ ಅವಳಿಗೊಂದು ಚಾಳಿ. ಇಪ್ಪತ್ತೈದು ವರ್ಷ ಬಟ್ಟೆ ಕತ್ತರಿಸಿದ ಕೈ. ಗೆರೆಯ ಮೇಲೆಯೇ ಕತ್ತರಿ ಆಡಿಸುವುದು ಆ ಕೈಗೆ ಗೊತ್ತಿಲ್ಲ. ಹೊಲಿಗೆಯಿಂದ ಅರ್ಧ ಇಂಚು ಆಚೆಗೇ ಕತ್ತರಿಸಬೇಕು. ಬಟ್ಟೆ ಒಗೆದ ಮೇಲೆ ಕುಗ್ಗುತ್ತದೆ, ಉಟ್ಟವರು ಹಿಗ್ಗುತ್ತಾರೆ. ಒಳಗೆ ಮಡಿಕೆ ಇದ್ದರೆ ಬಿಚ್ಚಿ ಬಿಡಬಹುದು. ಹಾಗಾಗಿ ಮೊದಲ ವಾರ ಮೇಡಂ, ಒಂದರಿಂದ ಹತ್ತರವರೆಗೆ ಎಣಿಸುವ ಪ್ರೋಗ್ರಾಂ ಬರೆಯಿರಿ ಅಂದರೆ ಇವಳ ಕಂಪ್ಯೂಟರ್ ಹನ್ನೊಂದರವರೆಗೆ ಎಣಿಸಿತು.

"ಹನ್ನೊಂದನೇದು ಯಾಕೆ?" ಮೇಡಂ ಕೇಳಿದರು.

"ಇರಲಿ ಅಂತ."

"ಏನಕ್ಕೆ ಇರಲಿ?"

"ಕುಗ್ಗಿದರೆ?"

ಪಕ್ಕದ ಮೇಜಿನ ಲಾರಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾರಿ ಓಡಿಸಿ ಬೆನ್ನು ಕೈಕೊಟ್ಟ ಮೇಲೆ ಐವತ್ತನೆಯ ವಯಸ್ಸಿಗೆ ಇಲ್ಲಿಗೆ ಬಂದವನು ಅವನು. ತಪ್ಪಾದಾಗಲೆಲ್ಲ ಎಡಗೈ ತಾನಾಗಿ ಗೇರಿಗೆ ಹೋಗುತ್ತಿತ್ತು. "ಮೇಡಂ, ಇವರನ್ನ ಬೈಬೇಡಿ. ಊಟಕ್ಕೆ ಕರೆದ್ರೆ ನನಗೂ ಹೀಗೇ ಒಂದು ಸೌಟು ಜಾಸ್ತಿ ಬಡಿಸ್ತಾರೆ ಅಂತ ಕಾಯ್ತಾ ಇದೀನಿ."

ಮೇಡಂಗೂ ನಗು ಬಂತು. ಆದರೆ ಪಾಠ ಪಾಠವೇ. "ನೋಡಿ, ಇಲ್ಲಿ ಬಟ್ಟೆ ಇಲ್ಲ. ಕೇಳಿದ್ದು ಕೊಡಬೇಕು, ಕೇಳದ್ದು ಇಡಬಾರದು." ಟೈಲರಮ್ಮ ಅದನ್ನು ಹಾಳೆಯ ಮೇಲೆ ಬರೆದು ಕಂಪ್ಯೂಟರಿನ ಮೂಲೆಗೆ ಅಂಟಿಸಿಕೊಂಡಳು. ಕೈ ಹನ್ನೊಂದರ ಕಡೆಗೆ ಹೋದಾಗಲೆಲ್ಲ ಅದನ್ನು ನೋಡಿ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಕೇಂದ್ರದಲ್ಲಿ ಕೊನೆಯ ಪರೀಕ್ಷೆಗೆ ಕೈಕಟ್ಟು ಎಂದು ಹೆಸರು. ಪ್ರಶ್ನೆಪತ್ರಿಕೆ ಇಲ್ಲ, ಅಂಕ ಇಲ್ಲ. ಕಲಿತವರು ಊರಿನ ಯಾರಾದರೊಬ್ಬರಿಗೆ ನಿಜವಾಗಿ ಬೇಕಾದ ಒಂದು ಪ್ರೋಗ್ರಾಂ ಮಾಡಬೇಕು. ಆ ಮನುಷ್ಯ ಅದನ್ನು ಮೊದಲ ಸಲ ಬಳಸುವಾಗ ಮಾಡಿದವರು ಹಿಂದೆ ಕೈಕಟ್ಟಿ ನಿಲ್ಲಬೇಕು. ಬಾಯಿ ಬಿಡಬಾರದು, ಬೆರಳು ತೋರಿಸಬಾರದು, ಕೆಮ್ಮಲೂಬಾರದು. ಬಳಸುವವರು ತೋಚದೆ ಮೂರು ಸಲ "ಈಗೇನು?" ಅಂದರೆ ಅಲ್ಲಿಗೆ ಮುಗಿಯಿತು, ಮುಂದಿನ ವರ್ಷ ನೋಡೋಣ. "ನೀವು ಮಾಡಿದ್ದನ್ನ ಜನ ಮನೆಗೆ ತಗೊಂಡು ಹೋಗ್ತಾರೆ. ಒಬ್ಬೊಬ್ಬರ ಜೇಬಿನಲ್ಲೂ ನೀವು ಕೂತು ಹೇಳಿಕೊಡೋಕಾಗುತ್ತಾ?" ಎನ್ನುವುದು ಮೇಡಂ ವಾದ. ಗೆದ್ದವರಿಗೆ ಗೋದಾಮಿನ ಹಿಂದಿನ ಕೆಲಸದ ಕೋಣೆಯಲ್ಲಿ ಜಾಗ. ಅಲ್ಲಿ ಪಾಠವಲ್ಲ, ನಿಜವಾದ ಉದ್ಯೋಗ. ಲಾರಿಯಣ್ಣ ಆಗಲೇ ಗೆದ್ದಿದ್ದ. ಯಾವ ಹಸುವಿಗೆ ಯಾವಾಗ ಚುಚ್ಚುಮದ್ದು ಎಂದು ದನದ ಡಾಕ್ಟರಿಗೆ ನೆನಪಿಸುವ ಪ್ರೋಗ್ರಾಂ ಅವನದು. ಡಾಕ್ಟರು ಒಂದೇ ಸಲ "ಈಗೇನು?" ಅಂದಿದ್ದರು. ಅವತ್ತು ಅವನು ಎಲ್ಲರಿಗೂ ಚಹಾ ಕುಡಿಸಿ, ಬಾಯಲ್ಲೇ ಹಾರನ್ನು ಬಾರಿಸಿಕೊಂಡು ಮನೆಗೆ ಹೋದ.

ಟೈಲರಮ್ಮ ಆರಿಸಿಕೊಂಡದ್ದು ನೀರುಗಂಟಿಯನ್ನು. ಕಾಲುವೆಯ ನೀರನ್ನು ಹನ್ನೊಂದು ಹೊಲಗಳಿಗೆ ಸರದಿಯ ಮೇಲೆ ಬಿಡುವುದು ಅವನ ಕೆಲಸ. ಯಾವ ಹೊಲದ ತೂಬು ಎಷ್ಟು ಹೊತ್ತಿಗೆ ಎತ್ತಬೇಕು, ಎಷ್ಟು ಹೊತ್ತಿಗೆ ಇಳಿಸಬೇಕು ಎನ್ನುವುದೆಲ್ಲ ಮೂವತ್ತು ವರ್ಷದಿಂದ ಅವನ ತಲೆಯೊಳಗೇ ಇದೆ. ಅಲ್ಲಿಂದ ಅದನ್ನು ಹೊರಗೆಳೆಯಲು ಹನ್ನೊಂದು ಮನೆಯವರೂ ದಿನವಿಡೀ ಅವನಿಗೆ ಫೋನು ಮಾಡುತ್ತಿದ್ದರು. "ಒಂದು ತುತ್ತು ಬಾಯಿಗೆ ಇಟ್ಟರೆ ಸಾಕು, ಜೇಬು ಕಿರುಚುತ್ತೆ. 'ನಮ್ಮ ಸರದಿ ಯಾವಾಗ?' ಹೋದ ವಾರ ಹೇಳಿದ್ದೇ ಈ ವಾರವೂ, ಆದರೂ ಕೇಳ್ತಾರೆ. ನೆಟ್ಟಗೆ ಒಂದು ಹೊತ್ತು ಉಂಡು ಎಷ್ಟು ವರ್ಷ ಆಯ್ತೋ," ಎಂದು, ಹಿಂದಿನ ವರ್ಷ ಅಂಗಿ ದೊಡ್ಡದು ಮಾಡಿಸಿಕೊಳ್ಳಲು ಬಂದಾಗ ಅವಳ ಹತ್ತಿರ ಗೋಳು ಹೇಳಿಕೊಂಡಿದ್ದ. ಉಂಡಿಲ್ಲವೆನ್ನುವವನ ಅಂಗಿಯನ್ನು ಒಂದು ಇಂಚು ಬಿಚ್ಚಬೇಕಾಗಿ ಬಂದದ್ದರ ಬಗ್ಗೆ ಅವಳು ಆಗ ಏನೂ ಅಂದಿರಲಿಲ್ಲ.

ಮೂರು ಬೆಳಗ್ಗೆ ಅವನ ಜೊತೆ ಕಾಲುವೆಯ ಏರಿಯ ಮೇಲೆ ಕೂತು ಅಳತೆ ತೆಗೆದುಕೊಂಡಳು. ಬೇಲಿ ಹೊಲ: ನಲವತ್ತು ನಿಮಿಷ. ಕಲ್ಲುಪಟ್ಟಿ: ನಲವತ್ತು. ಮೂಲೆ ಹೊಲ: ನಲವತ್ತು. ಉಳಿದ ಎಂಟು ದೊಡ್ಡ ಹೊಲಗಳಿಗೆ ಒಂದೊಂದು ಗಂಟೆಯ ಆಸುಪಾಸು. ಹೀಗೆ ಹನ್ನೊಂದೂ. ತೂಬು ಎತ್ತಿದಾಗ ಅವನು ಫೋನಿನಲ್ಲಿ 'ಬಿಟ್ಟೆ' ಎಂದು ಒತ್ತಿದರೆ ಸಾಕು, ಮುಂದಿನವರಿಗೆಲ್ಲ ಅವರವರ ಸರದಿಯ ಹೊತ್ತು ತಾನಾಗಿ ತಿಳಿಯುತ್ತದೆ. ಒಬ್ಬರದು ಮುಗಿದ ನಿಮಿಷಕ್ಕೇ ಇನ್ನೊಬ್ಬರದು ಶುರು, ನಡುವೆ ಒಂದು ನೂಲಿನಷ್ಟೂ ಸಡಿಲವಿಲ್ಲ. ಮೇಡಂ ನೋಡಿ, "ಅಬ್ಬ, ಇಷ್ಟು ಕರಾರುವಾಕ್ಕಾಗಿ ನೀವೇ ಮಾಡಿದ್ದಾ?" ಎಂದು ಮೆಚ್ಚಿದರು. ಆಮೇಲೆ ಪ್ರತಿಯೊಂದು ಹೊಲದ ಪುಟದ ತಳದಲ್ಲಿ ಏನೋ ಕಂಡು ಹುಬ್ಬು ಗಂಟಿಕ್ಕಿದರು. ಅಲ್ಲಿ 'ಒಳಮಡಿಕೆ: 0 ನಿಮಿಷ' ಎಂದು ಬರೆದಿತ್ತು.

"ಇದನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ."

"ಮತ್ತೆ? ಸೊನ್ನೆ ಅಂತ ಬೇರೆ ಬರೆದಿದೀರಿ. ಸೊನ್ನೆಯನ್ನ ಯಾಕೆ ಇಟ್ಟುಕೊಳ್ಳೋದು? ತೆಗೀರಿ."

"ತೆಗೀತೀನಿ ಮೇಡಂ," ಅಂದಳು. ಸಂಜೆ ಎಲ್ಲರೂ ಹೋದ ಮೇಲೆ ತೆಗೆಯಲು ಕೂತಳು. ಕೈ ಏಳಲಿಲ್ಲ. ಹೊಲಿಗೆಯ ಅಂಚಿಗೇ ಬಟ್ಟೆ ಕತ್ತರಿಸಿದರೆ ಬರುವಂಥದೇ ಒಂದು ಕಸಿವಿಸಿ. ಕಡೆಗೆ ಅದನ್ನು ಸಣ್ಣಕ್ಷರ ಮಾಡಿ, ಪುಟದ ಇನ್ನೂ ಕೆಳಗೆ ತಳ್ಳಿ, ಮೇಲೆ ಕಾಣದ ಹಾಗೆ ಮಡಚಿಟ್ಟು ಮನೆಗೆ ಹೋದಳು.

ಕೈಕಟ್ಟಿನ ದಿನ ನೀರುಗಂಟಿ ಗೋದಾಮಿಗೆ ಬರಲಿಲ್ಲ. "ನಾನು ಅಲ್ಲಿ ಬಂದು ಕೂತರೆ ತೂಬು ನಿಮ್ಮ ಮೇಡಂ ಎತ್ತುತ್ತಾರಾ? ನೀವೇ ಬನ್ನಿ," ಅಂದ. ಹಾಗಾಗಿ ಪರೀಕ್ಷೆ ಕಾಲುವೆಯ ಏರಿಯ ಮೇಲೆಯೇ. ಬೆಳಗ್ಗೆ ಏಳಕ್ಕೆ ಮೇಡಂ ಸೀರೆ ಎತ್ತಿ ಹಿಡಿದುಕೊಂಡು, ಹಿಂದೆ ಲಾರಿಯಣ್ಣ ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಬಂದರು. ಟೈಲರಮ್ಮ ಆಗಲೇ ಬಂದು ಹಿಂದೆ ಕೈಕಟ್ಟಿ ನಿಂತಿದ್ದಳು.

ನೀರುಗಂಟಿ ಬೇಲಿ ಹೊಲದ ತೂಬು ಎತ್ತಿದ. ಪಕ್ಕದಲ್ಲೇ ಹೊಲ, ನೀರು ಒಂದೇ ನೆಗೆತಕ್ಕೆ ಒಳಗೆ ಹೋಯಿತು. ಕೈ ಒರೆಸಿಕೊಂಡು 'ಬಿಟ್ಟೆ' ಒತ್ತಿದ. ಹನ್ನೊಂದು ಸರದಿಯೂ ಸಾಲಾಗಿ ನಿಂತವು. ಕೊನೆಯ ಸಾಲು ಓದಿ ಅವನ ಮುಖ ಅರಳಿತು. "ನಾಲ್ಕೂ ಮುಕ್ಕಾಲಿಗೇ ಮುಗಿಯುತ್ತಾ? ಭಲೇ! ದಿನಾ ಆರೂವರೆ ಆಗುತ್ತಿತ್ತು. ಇದರಲ್ಲಿ ನೀರೂ ಬೇಗ ಓಡುತ್ತೆ ಅನ್ನು."

ಟೈಲರಮ್ಮ ಮನಸ್ಸಿನಲ್ಲೇ ಮತ್ತೆ ಕೂಡಿ ನೋಡಿದಳು. ಆರೂವರೆ ಎಂದು ಇವನು ತನಗೆ ಹೇಳಿಯೇ ಇರಲಿಲ್ಲವಲ್ಲ? ತಾನು ಕೂಡಿದ ಲೆಕ್ಕ ಸರಿಯಾಗಿದೆ, ಹತ್ತು ಸಲ ನೋಡಿದ್ದೇನೆ. ಉಳಿದ ಒಂದೂ ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಫೋನು ತಾನಾಗಿ ಮಂಕಾಗಿ ಆರಿತು. "ಅರೆ, ಹೋಯ್ತು. ಈಗೇನು?"

ಮೇಡಂ ಒಂದು ಬೆರಳು ಮಡಚಿದರು.

"ಅನ್ಯಾಯ ಮೇಡಂ, ಅದು ಫೋನಿನ ತಪ್ಪು!" ಎಂದು ಲಾರಿಯಣ್ಣ ಕೂಗಿದ.

"ಫೋನಿಲ್ಲದ ಕಡೆ ಇದನ್ನ ಬಳಸ್ತಾರಾ?" ಎಂದರು ಮೇಡಂ. ನೀರುಗಂಟಿ ಒಂದೆರಡು ಸಲ ಒತ್ತಿ ತಾನೇ ಅದನ್ನು ಮತ್ತೆ ಹೊತ್ತಿಸಿಕೊಂಡ.

ಬೇಲಿ ಹೊಲ ಮುಗಿದು ಕಲ್ಲುಪಟ್ಟಿಯದು ಶುರುವಾಯಿತು. ಅದೂ ಸುಸೂತ್ರವಾಗಿ ಕಳೆಯಿತು. ಚಹಾ ಮುಗಿಯಿತು. ಎಂಟೂ ಇಪ್ಪತ್ತಕ್ಕೆ ಸರಿಯಾಗಿ ಮೂಲೆ ಹೊಲದ ತೂಬು ಎದ್ದಿತು. ಎಲ್ಲರೂ ಏರಿಯ ಮೇಲೆ ನೀರಿಗಿಂತ ಒಂದಷ್ಟು ಮುಂದೆ ನಡೆದು ನಿಂತರು. ಮೂಲೆ ಹೊಲ ಹೆಸರಿಗೆ ತಕ್ಕಂತೆ ಎಲ್ಲೋ ಆ ತುದಿಯಲ್ಲಿ. ನಡುವೆ ಉದ್ದಕ್ಕೂ ಒಣಗಿ ಬಿರಿದ ಕಾಲುವೆ. ಐದು ನಿಮಿಷ ಕಳೆದಿರಲಿಲ್ಲ, ಆ ತುದಿಯಿಂದ ಹೆಗಲ ಮೇಲೆ ಸನಿಕೆ ಹೊತ್ತು ಒಬ್ಬಾಕೆ ದಾಪುಗಾಲು ಹಾಕುತ್ತ ಬಂದಳು. ಮೂಲೆ ಹೊಲದಾಕೆ. ದೂರದಿಂದಲೇ ಫೋನು ಎತ್ತಿ ತೋರಿಸುತ್ತಿದ್ದಳು.

"ಏನಯ್ಯಾ ನೀರುಗಂಟಿ, ಇದರಲ್ಲಿ ಎಂಟೂ ಇಪ್ಪತ್ತಕ್ಕೆ ನಿಮ್ಮ ಸರದಿ ಶುರು ಅಂತ ಬಂದಿದೆ. ನೀರೆಲ್ಲಿ? ನನ್ನ ಹೊಲದಲ್ಲಿ ಹಲ್ಲಿಗೂ ನೆಕ್ಕೋಕೆ ಒಂದು ಹನಿ ಇಲ್ಲ. ಒಂಬತ್ತಕ್ಕೆ ಮುಗೀತು ಅಂತ ಬೇರೆ ಬರೆದಿದೆ. ನನ್ನ ಸರದಿಯನ್ನ ಕಾಲುವೆ ಮಣ್ಣು ಕುಡೀಲಿ ಅಂತಲಾ?"

"ಬರ್ತಾ ಇದೆ ಇರಮ್ಮ. ನೀರು ನಡೆದುಕೊಂಡು ಬರಬೇಕಲ್ಲ, ಅದಕ್ಕೇನು ನಿನ್ನ ಹಾಗೆ ಕಾಲಿದೆಯಾ?"

"ನಡೆಯೋದು ನನಗೂ ಗೊತ್ತು. ಮುಂಚೆ ನೀನು ನೀರು ಹೊಲಕ್ಕೆ ತಾಗಿದ ಮೇಲೇ ಹೊತ್ತು ಎಣಿಸ್ತಿದ್ದೆ. ಇದು ತೂಬು ಎತ್ತಿದಾಗಲೇ ಎಣಿಸ್ತಾ ಇದೆ!"

ಟೈಲರಮ್ಮನಿಗೆ ಆಗ ಹೊಳೆಯಿತು. ಒಂದೂ ಮುಕ್ಕಾಲು ಗಂಟೆ ಹೋದದ್ದು ಅಲ್ಲಿಗೆ. ನೀರು ನಡೆಯುವ ಹೊತ್ತು! ಮೂರು ಬೆಳಗ್ಗೆ ಪಕ್ಕದಲ್ಲೇ ಕೂತಿದ್ದರೂ ಅವನು ಅದನ್ನು ಹೇಳಲಿಲ್ಲ, ಇವಳು ಕೇಳಲಿಲ್ಲ. ನೀರು ನಡೆಯುತ್ತದೆ ಎಂದು ಯಾರು ಯಾರಿಗೆ ಹೇಳುತ್ತಾರೆ? ಹನ್ನೊಂದು ಹೊಲಗಳನ್ನು ಒಂದರ ಪಕ್ಕ ಒಂದು ಗೆರೆಯ ಮೇಲೇ ಕತ್ತರಿಸಿ, ಕರಾರುವಾಕ್ಕು ಎಂದು ಹೊಗಳಿಸಿಕೊಂಡಿದ್ದಳು.

ನೀರುಗಂಟಿ ಫೋನನ್ನೂ ಕಾಲುವೆಯನ್ನೂ ನೋಡಿ ತಲೆ ಕೆರೆದುಕೊಂಡ. "ಆಕೆ ಹೇಳೋದು ನಿಜ. ಈಗೇನು?"

ಮೇಡಂ ಎರಡನೆಯ ಬೆರಳು ಮಡಚಿದರು. ಈ ಸಲ ಅವರಿಗೇ ಕೈ ಬರಲಿಲ್ಲವೇನೋ ಎಂಬಂತೆ ನಿಧಾನವಾಗಿ. ಲಾರಿಯಣ್ಣನ ಎಡಗೈ ಗಾಳಿಯಲ್ಲಿ ಗೇರು ಹುಡುಕಿತು.

ಉಳಿದದ್ದು ಒಂದು. ಟೈಲರಮ್ಮ ತುಟಿ ಕಚ್ಚಿದಳು. ಬೆನ್ನ ಹಿಂದೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಿತ್ತು. ಕೆಳಗೆ ಸರಿಸು, ಇನ್ನೂ ಕೆಳಗೆ, ತಳದಲ್ಲಿದೆ ಎಂದು ಹೇಳಲು ಜೀವವೆಲ್ಲ ನಾಲಗೆಯ ತುದಿಗೆ ಬಂದು ಕೂತಿತ್ತು. ಮನೆಯ ಮಷೀನು ಕಣ್ಣ ಮುಂದೆ ಬಂತು. ಅದರ ಮುಂದಿನ ಸ್ಟೂಲಿನಿಂದ ನಾದಿನಿ ಏನೂ ಅನ್ನದೆ, ನಗುನಗುತ್ತಲೇ ಎದ್ದು ಜಾಗ ಬಿಡುವುದೂ ಕಂಡಿತು.

"ಎಲ್ಲಿ, ನಿನ್ನ ಹೊಲದ್ದು ಏನಂತ ಬರೆದಿದೆ ನೋಡೋಣ," ಎಂದು ನೀರುಗಂಟಿ ಮೂಲೆ ಹೊಲದ ಪುಟ ತೆರೆದು ಆಕೆಗೆ ತೋರಿಸಲು ಹೋದ. ಆಕೆ ಕೈ ಹಾಕಿದಳು, ಇವನು ಎಳೆದುಕೊಂಡ. ಒದ್ದೆ ಹೆಬ್ಬೆಟ್ಟು ಜಾರಿ ಪುಟ ಸರ್ರನೆ ಮೇಲಕ್ಕೆ ಓಡಿ ತಳ ಮುಟ್ಟಿತು.

"ಥೂ, ಎಲ್ಲಿಗೋ ಹೋಯ್ತು. ಈಗ…" ಎಂದು ಬಾಯಿ ತೆಗೆದವನು ಹಾಗೇ ನಿಂತ. ಮೇಡಂನ ಮೂರನೆಯ ಬೆರಳೂ ಅರ್ಧಕ್ಕೆ ನಿಂತಿತು. ನೀರುಗಂಟಿ ಫೋನನ್ನು ಕಣ್ಣಿನಿಂದ ದೂರ ಹಿಡಿದು ಅಕ್ಷರ ಕೂಡಿಸಿದ. "ಒ-ಳ-ಮ-ಡಿ-ಕೆ. ಸೊನ್ನೆ ನಿಮಿಷ." ತಿರುಗಿ ಟೈಲರಮ್ಮನ ಮುಖ ನೋಡಿದ. ಅವಳು ಕಲ್ಲಿನ ಹಾಗೆ ನಿಂತಿದ್ದಳು. ಅವನ ಕಣ್ಣು ಇಳಿದು ತನ್ನ ಹೊಟ್ಟೆಯ ಮೇಲಿನ ಅಂಗಿಗೆ, ಪಕ್ಕದ ಹೊಲಿಗೆಗೆ ಬಂತು. ಎರಡು ಬೆರಳಿನಲ್ಲಿ ಆ ಹೊಲಿಗೆಯನ್ನು ಹಿಡಿದು ಒಳಗೆ ತಿರುವಿ ನೋಡಿದ.

"ಓಹೋ! ನನ್ನ ಅಂಗಿಯಲ್ಲಿ ಬಿಟ್ಟಿದ್ದೆಯಲ್ಲ, ಅದೇ ಅನ್ನು. ಬೇಕಾದಾಗ ಬಿಚ್ಚಿಕೊಳ್ಳೋದು."

ಟೈಲರಮ್ಮನ ಕಣ್ಣು ತುಂಬಿ ಬಂತು. ಕಣ್ಣಿನ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ.

ನೀರುಗಂಟಿ ತೋರುಬೆರಳಿನಿಂದ ಕುಟ್ಟಿ ಕುಟ್ಟಿ ಸೊನ್ನೆಯ ಜಾಗದಲ್ಲಿ ಇಪ್ಪತ್ತು ಹಾಕಿದ. ಮೂಲೆ ಹೊಲದಾಕೆಯ ಫೋನು ಟಿಣ್ ಎಂದಿತು. ಆಕೆ ಓದಿದಳು: "ನಿಮ್ಮ ಸರದಿ ಎಂಟೂ ನಲವತ್ತರಿಂದ ಒಂಬತ್ತೂ ಇಪ್ಪತ್ತರವರೆಗೆ." ಇನ್ನೊಂದು ಸಲ ಓದಿದಳು. ಹೆಗಲಿನ ಸನಿಕೆ ಇಳಿಸಿ ನೆಲಕ್ಕೆ ಊರಿದಳು. "ಹಾಂ. ಇದು ಮಾತು."

ಆಗ ನೀರು ಬಂತು. ಒಣ ಕಾಲುವೆಯ ನಡುವೆ ಕಡ್ಡಿ, ತರಗೆಲೆ, ನೊರೆ ಎಲ್ಲವನ್ನೂ ಮೂತಿಯ ಮುಂದೆ ತಳ್ಳಿಕೊಂಡು, ಬಿರುಕು ಸಿಕ್ಕಲ್ಲೆಲ್ಲ ನಿಂತು ಕುಡಿದು, ತಡವರಿಸಿ, ಮತ್ತೆ ಮುಂದಕ್ಕೆ. ಅದು ಹಾದುಹೋಗುವಾಗ ನಿಜಕ್ಕೂ ಯಾರೋ ನಡೆದು ಹೋದ ಹಾಗೆಯೇ ಇತ್ತು. ಮೂಲೆ ಹೊಲದಾಕೆ ಅದರ ಪಕ್ಕದಲ್ಲೇ, ದನ ಹೊಡೆದುಕೊಂಡು ಹೋಗುವವಳ ಹಾಗೆ, ತನ್ನ ಹೊಲದ ಕಡೆಗೆ ಹೊರಟಳು.

ನೀರುಗಂಟಿಗೆ ಹುಮ್ಮಸ್ಸು ಬಂದಿತ್ತು. ಕಲ್ಲಿನ ಮೇಲೆ ಕೂತು ಉಳಿದ ಪುಟಗಳನ್ನೂ ಒಂದೊಂದಾಗಿ ತೆರೆದ. "ಕಲ್ಲುಪಟ್ಟಿಗೆ ಐದು. ಗೂಡಿನ ಹೊಲಕ್ಕೆ ಎಂಟು. ಅದರಾಚೆಯದಕ್ಕೆ ಹನ್ನೆರಡು, ಅಲ್ಲಿ ಇಲಿಬಿಲ ಜಾಸ್ತಿ." ಮೂವತ್ತು ವರ್ಷ ಏರಿಯ ಮೇಲೆ ನೀರಿನ ಜೊತೆ ನಡೆದವನ ತಲೆಯಿಂದ ನಿಮಿಷಗಳು ಸಲೀಸಾಗಿ ಇಳಿದವು. ಮೇಡಂ ಅವನ ಪಕ್ಕ ಬಗ್ಗಿ ನಿಂತು ನೋಡುತ್ತಿದ್ದರು. ಹನ್ನೊಂದೂ ಮುಗಿದಾಗ ಅವನು ಕೊನೆಯ ಸಾಲು ಓದಿದ. ಆರೂವರೆ.

"ಅಯ್ಯೋ, ಮತ್ತೆ ಆರೂವರೆನೇ ಬಂತಲ್ಲ," ಎಂದು ಅವನು ಮುಖ ಸಪ್ಪಗೆ ಮಾಡಿದ್ದಕ್ಕೆ ಲಾರಿಯಣ್ಣ ನಕ್ಕ ನಗುವಿಗೆ ಕಾಲುವೆಯ ಆಚೆಯ ಕೊಕ್ಕರೆಗಳು ಎದ್ದು ಹಾರಿದವು.

ಮೇಡಂ ನೆಟ್ಟಗಾಗಿ, ಅರ್ಧ ಮಡಚಿದ್ದ ಮೂರನೆಯ ಬೆರಳನ್ನು ಬಿಡಿಸಿದರು. "ಕೈ ಬಿಡಿ ಟೈಲರಮ್ಮ. ಮುಗೀತು. ಸೋಮವಾರ ಹಿಂದಿನ ಕೋಣೆಗೆ ಬನ್ನಿ." ಆಮೇಲೆ ಕಣ್ಣು ಕಿರಿದು ಮಾಡಿ, "ಇದನ್ನ ತೆಗೀರಿ ಅಂದಿದ್ದೆ ನಾನು," ಅಂದರು.

ಅಷ್ಟು ಹೊತ್ತು ಒಳಗೆ ತಡೆದಿಟ್ಟ ಮಾತೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡಿತು. ಟೈಲರಮ್ಮನ ಗಂಟಲಿನಿಂದ ಮೊದಲು ಕೆಮ್ಮು ಬಂತು, ಆಮೇಲೆ ನಗು, ಎಲ್ಲಕ್ಕಿಂತ ಕೊನೆಗೆ ಮಾತು. "ತೆಗೆಯೋಕೇ ಕೂತಿದ್ದೆ ಮೇಡಂ. ಕೈ ಬರಲಿಲ್ಲ. ಮಡಚಿ ಒಳಗಿಟ್ಟೆ."

"ಕೇಳದ್ದು ಇಡಬಾರದು ಅಂತ ಇನ್ನು ಯಾವ ಬಾಯಲ್ಲಿ ಪಾಠ ಹೇಳಲಿ ನಾನು?"

"ಹೇಳಿ ಮೇಡಂ. ಎಣಿಕೆಯಲ್ಲಿ ಹನ್ನೊಂದನೇದನ್ನ ಇಡಬಾರದು, ಅದು ಹೊರಗೆ ಕಾಣುತ್ತೆ. ಒಳಗಿರೋದನ್ನ ಇಡಬಹುದು." ಎಂದವಳೇ ತಾನು ಮೇಡಂಗೇ ಪಾಠ ಹೇಳುತ್ತಿರುವುದು ಹೊಳೆದು ನಾಲಗೆ ಕಚ್ಚಿಕೊಂಡಳು. ಮೇಡಂ ಕನ್ನಡಕಕ್ಕಾಗಿ ಸೊಂಟ, ಚೀಲ, ಕೊನೆಗೆ ಲಾರಿಯಣ್ಣನ ಫ್ಲಾಸ್ಕಿನ ಮುಚ್ಚಳವನ್ನೂ ತಡಕಿದರು. ಅದು ಅವರ ತಲೆಯ ಮೇಲೆಯೇ ಇತ್ತು. ಅವರು ಹುಡುಕಿದ್ದು ಏನನ್ನಾದರೂ ಬರೆದುಕೊಳ್ಳುವುದಕ್ಕಿರಬೇಕು.

ಮನೆಗೆ ಹೋದಾಗ ನಾದಿನಿ ಮಷೀನು ತುಳಿಯುತ್ತಿದ್ದಳು. ಅತ್ತಿಗೆಯ ಮುಖ ನೋಡಿದವಳೇ ಕಾಲು ನಿಲ್ಲಿಸಿ, ಸೂಜಿಯ ಕೆಳಗಿನ ಬಟ್ಟೆಯನ್ನೂ ಬಿಡಿಸದೆ ಎದ್ದು ಬಂದು ತಬ್ಬಿಕೊಂಡಳು. ದಾರ ಇಬ್ಬರ ನಡುವೆ ಸಿಕ್ಕಿಕೊಂಡಿತು. "ಜಗಳ ತಪ್ಪಿತು," ಅಂದಳು, ಮೂಗು ಒರೆಸಿಕೊಳ್ಳುತ್ತ. ಟೈಲರಮ್ಮ ಮಷೀನಿನ ಮೇಲಿನ ಅಂಗಿಯನ್ನು ಅಭ್ಯಾಸಬಲದಿಂದ ಒಳಮುಖ ತಿರುವಿ ನೋಡಿದಳು. ಅರ್ಧ ಇಂಚು ಸರಿಯಾಗಿ ಬಿಟ್ಟಿತ್ತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಟೈಲರಮ್ಮನ ಫೋನು ಕೂಗಿತು. ನೀರುಗಂಟಿ.

"ಏನಮ್ಮಾ, ಇದು ಕೆಟ್ಟುಹೋಗಿದೆಯಾ?"

ಅವಳ ಕೈಯ ತುತ್ತು ಅಲ್ಲೇ ನಿಂತಿತು. "ಯಾಕೆ? ಏನಾಯ್ತು?"

"ಬೆಳಗ್ಗೆಯಿಂದ ಒಬ್ಬರೂ ಫೋನು ಮಾಡಿಲ್ಲ. ಮೂಲೆ ಹೊಲದವಳೂ ಇಲ್ಲ. ಊಟ ಪೂರ್ತಿ ಮುಗೀತು. ಕೈ ತೊಳೆದು ಕೂತಿದೀನಿ, ಏನು ಮಾಡಬೇಕು ಅಂತಲೇ ಗೊತ್ತಾಗ್ತಾ ಇಲ್ಲ."

"ಕೆಟ್ಟಿಲ್ಲ ಬಿಡಿ," ಅಂದಳು ಟೈಲರಮ್ಮ. "ಇನ್ನೊಂದು ಸಲ ಬಡಿಸಿಕೊಳ್ಳಿ. ಅಂಗಿಯಲ್ಲಿ ಇನ್ನೂ ಒಂದು ಇಂಚು ಇದೆ."